ಹಿರಿಯರ ಕೈಯಿಂದ ಕಾಯಕವನ್ನು ಕಸಿಯದಿರೋಣ

ಮೂರು ವರ್ಷಗಳ ಹಿಂದೆ ನಮ್ಮ ಮಠದಲ್ಲಿ ನಡೆದ ಒಂದು ಸಂಗತಿಯಿಂದ ಈ ಲೇಖನವನ್ನು ಆರಂಭಿಸಬೇಕಾಗಿದೆ. ಅದರಲ್ಲಿ ತಪ್ಪು ನಮ್ಮದೇ ಆಗಿತ್ತು. ಗದ್ದುಗೆಯ ಹಿಂದಿರುವ ಹೂದೋಟವನ್ನು ಇಪ್ಪತ್ತು ವರ್ಷಗಳಿಂದ ನೋಡಿಕೊಂಡು ಬಂದ ಹಿರಿಯ ಭಕ್ತರೊಬ್ಬರಿದ್ದಾರೆ. ನಸುಕಿನಲ್ಲಿಯೇ ಬಂದು, ಬಾವಿಯಿಂದ ನೀರು ಸೇದಿ, ಬಿಲ್ವದ ಗಿಡಗಳಿಗೂ ಕಣಗಿಲೆಯ ಸಾಲಿಗೂ ಹಾಕಿ, ಪೂಜೆಗೆ ಪತ್ರಿ ಪುಷ್ಪಗಳನ್ನು ಬಿಡಿಸಿಕೊಟ್ಟು, ಪ್ರಸಾದ ಸ್ವೀಕರಿಸಿ ಮನೆಗೆ ಮರಳುವುದು ಅವರ ನಿತ್ಯದ ನೇಮವಾಗಿತ್ತು. ಅವರಿಗೆ 74 ತುಂಬಿದ ವರ್ಷ ಜಾತ್ರೆಯ ಸಭೆಯಲ್ಲಿ ಶಾಲು ಹೊದಿಸಿ ಸನ್ಮಾನಿಸಿದೆವು. "ಇನ್ನು ಸಾಕು, ವಿಶ್ರಾಂತಿ ಪಡೆಯಿರಿ, ತೋಟವನ್ನು ಹುಡುಗರು ನೋಡಿಕೊಳ್ಳುತ್ತಾರೆ" ಎಂದು ನಾವೇ ಹೇಳಿದೆವು. ಸಭೆ ಚಪ್ಪಾಳೆ ತಟ್ಟಿತು. ಅವರು ತಲೆಬಾಗಿ ವೇದಿಕೆಯಿಂದ ಇಳಿದು ಹೋದರು. ಮರುವರ್ಷದ ಶ್ರಾವಣದಲ್ಲಿ ಪಾದಪೂಜೆಗೆಂದು ಅವರ ಮನೆಗೆ ಹೋದಾಗ, ನಮಸ್ಕರಿಸಲು ಕುರ್ಚಿಯಿಂದ ಏಳಬೇಕಾದರೆ ಮಗನೊಂದು ಕಡೆ, ಸೊಸೆಯೊಂದು ಕಡೆ ರಟ್ಟೆ ಹಿಡಿಯಬೇಕಾಯಿತು.

ಅವರ ಮೂಳೆ ಮುರಿದಿರಲಿಲ್ಲ, ಪಾರ್ಶ್ವವಾಯು ಬಡಿದಿರಲಿಲ್ಲ. ಮಗ ಪಟ್ಟಣಕ್ಕೆ ಕರೆದೊಯ್ದು ರಕ್ತ, ಮೂತ್ರ, ಹೃದಯ ಎಲ್ಲದರ ತಪಾಸಣೆಯನ್ನೂ ಮಾಡಿಸಿದ್ದರು. ವಯಸ್ಸಿಗೆ ತಕ್ಕಂತೆ ಎಲ್ಲವೂ ಸರಿಯಾಗಿಯೇ ಇದೆಯೆಂದು ವೈದ್ಯರು ಹೇಳಿ ಕಳುಹಿಸಿದ್ದರು. ದಿನವಿಡೀ ಏನು ಮಾಡುತ್ತೀರಿ ಎಂದು ಕೇಳಿದೆವು. "ಏನ್ ಮಾಡೂದ್ರಿ ಅಜ್ಜಾರ, ಕುಂತಿರತೀನಿ. ಯಾವ ಕೆಲಸಕ್ಕ ಕೈ ಹಾಕಿದ್ರೂ ಬ್ಯಾಡ ಅಂತಾರ" ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ. ಅದೇ ನಮ್ಮನ್ನು ಹೆಚ್ಚು ನೋಯಿಸಿತು, ಏಕೆಂದರೆ ಬೇಡವೆಂದವರಲ್ಲಿ ಮೊದಲಿಗರು ನಾವೇ.

ಅಂದಿನಿಂದ ಭಕ್ತರ ಮನೆಗಳಿಗೆ ಹೋದಾಗಲೆಲ್ಲ ಹಿರಿಯರು ಎಲ್ಲಿ ಕುಳಿತಿದ್ದಾರೆ, ಎಷ್ಟು ಹೊತ್ತು ಕುಳಿತಿರುತ್ತಾರೆ ಎಂಬುದನ್ನು ಗಮನಿಸುವುದು ನಮಗೆ ರೂಢಿಯಾಗಿದೆ. ಕಂಡುಬರುವ ಚಿತ್ರ ಬಹುಮಟ್ಟಿಗೆ ಒಂದೇ. ಪಡಸಾಲೆಯಲ್ಲಿ ಟಿ.ವಿ.ಯ ಎದುರಿಗೆ ಮೆತ್ತನೆಯ ಕುರ್ಚಿ. ಪಕ್ಕದ ಸ್ಟೂಲಿನ ಮೇಲೆ ನೀರಿನ ಬಾಟಲಿ, ಮಾತ್ರೆಯ ಡಬ್ಬಿ, ಮೊಬೈಲು. ಚಹ ಅಲ್ಲಿಗೇ ಬರುತ್ತದೆ, ತಟ್ಟೆಯೂ ಅಲ್ಲಿಗೇ ಬರುತ್ತದೆ. ಇದೆಲ್ಲ ಪ್ರೀತಿಯಿಂದಲೇ ನಡೆಯುವ ಸೇವೆ, ಸಂಶಯವಿಲ್ಲ. ಅದರ ಜೊತೆಗೆ ಸ್ವಲ್ಪ ಅಂಜಿಕೆಯೂ ಇರುತ್ತದೆ. ಅತ್ತೆಯವರು ಹಿತ್ತಲಿನಲ್ಲಿ ಪಾತ್ರೆ ತಿಕ್ಕುವುದು ಕಂಡರೆ ಓಣಿಯ ಜನ ಸೊಸೆಯನ್ನು ಆಡಿಕೊಳ್ಳುತ್ತಾರೆ. ಮಾವನವರು ಕೈಯಲ್ಲಿ ಸಂತೆಯ ಚೀಲ ಹಿಡಿದು ಬಂದರೆ ಮಗನ ಮಾನ ಹೋಗುತ್ತದೆ. ಹೀಗೆ ನೆರೆಹೊರೆಯ ನಾಲಗೆಗೆ ಹೆದರಿ ನಾವು ನಮ್ಮ ತಂದೆ ತಾಯಿಯರನ್ನು ಕೂರಿಸಿಬಿಡುತ್ತೇವೆ. ಆ ಕೂರಿಸುವಿಕೆಯನ್ನೇ ಸೇವೆಯೆಂದು ಕರೆಯುತ್ತೇವೆ.

ದೇಹ ಈ ಸೇವೆಯನ್ನು ಹೇಗೆ ಸ್ವೀಕರಿಸುತ್ತದೆ ಎಂಬುದನ್ನು ವೈದ್ಯವಿಜ್ಞಾನ ಸ್ಪಷ್ಟವಾಗಿ ಅಳೆದಿದೆ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಾದ ಹಿರಿಯರನ್ನು ಕೇವಲ 10 ದಿನ ಹಾಸಿಗೆಯಲ್ಲಿರಿಸಿ ನೋಡಿದರು. ಕಾಯಿಲೆಯಿಲ್ಲದ, ಹೊಟ್ಟೆತುಂಬ ಉಣ್ಣುತ್ತಿದ್ದ ಅವರ ಕಾಲುಗಳಿಂದ ಆ ಹತ್ತು ದಿನಗಳಲ್ಲಿಯೇ ಸರಾಸರಿ ಸುಮಾರು ಒಂದು ಕಿಲೋಗ್ರಾಂನಷ್ಟು ಮಾಂಸಖಂಡ ಕರಗಿಹೋಗಿತ್ತು. ಹರೆಯದವರು ಹೀಗೆ ಕಳೆದುಕೊಂಡರೆ ಬೇಗನೆ ಮರಳಿ ಪಡೆಯುತ್ತಾರೆ. ಎಪ್ಪತ್ತರವರಿಗೆ ಅದು ತಿಂಗಳುಗಳ ಶ್ರಮ. ವಯಸ್ಸಾದಂತೆ ಸ್ನಾಯುಗಳು ಕ್ಷೀಣಿಸುವುದು ಸಹಜವೇ ಹೌದು; ಇದಕ್ಕೆ 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಸಾರ್ಕೋಪೀನಿಯ ಎಂಬ ಹೆಸರನ್ನೂ ಕೊಟ್ಟರು. ಆದರೆ ನಾವು 'ವಯಸ್ಸಾಯಿತು' ಎಂದು ಒಪ್ಪಿಕೊಂಡುಬಿಡುವ ದೌರ್ಬಲ್ಯದಲ್ಲಿ ವಯಸ್ಸಿನ ಪಾಲೆಷ್ಟು, ಕುರ್ಚಿಯ ಪಾಲೆಷ್ಟು ಎಂದು ಬಿಡಿಸಿ ನೋಡುವುದೇ ಇಲ್ಲ.

ಕುರ್ಚಿ ಕಸಿದುಕೊಂಡದ್ದನ್ನು ಮರಳಿ ಪಡೆಯಬಹುದೆಂಬುದಕ್ಕೂ ಆಧಾರವಿದೆ. 1990ರಲ್ಲಿ ಬಾಸ್ಟನ್ ನಗರದ ವೃದ್ಧರ ಆಶ್ರಯಧಾಮವೊಂದರಲ್ಲಿ 90ರ ಆಸುಪಾಸಿನ ಕೆಲವರಿಗೆ ಎಂಟು ವಾರ ಕಾಲಿನಿಂದ ಭಾರವೆತ್ತುವ ಅಭ್ಯಾಸ ಮಾಡಿಸಿದರು. ಅವರ ಕಾಲಿನ ಶಕ್ತಿ ಸರಾಸರಿ ಶೇ. 174ರಷ್ಟು ಹೆಚ್ಚಿತು. ತೊಂಬತ್ತರ ವಯಸ್ಸಿನಲ್ಲಿ, ಎಂಟೇ ವಾರಗಳಲ್ಲಿ! "ಇನ್ನೇನು ಉಳಿದಿದೆ ನಮಗೆ" ಎನ್ನುವ 65ರ ಭಕ್ತರು ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಆಸೆ.

ನಮ್ಮ ಪರಂಪರೆಯಲ್ಲಿ ನಿವೃತ್ತಿ ಎಂಬ ಕಲ್ಪನೆಗೆ ಸ್ಥಳವಿರಲಿಲ್ಲ. ಶರಣರು ಆಶ್ರಮ ವ್ಯವಸ್ಥೆಯನ್ನು ಒಪ್ಪದವರು. ದುಡಿಮೆಯನ್ನು ಮಕ್ಕಳಿಗೊಪ್ಪಿಸಿ ಕಾಡಿಗೆ ನಡೆಯುವ ವಾನಪ್ರಸ್ಥದ ಘಟ್ಟ ಅವರ ಬದುಕಿನಲ್ಲಿಲ್ಲ. ಹುಲ್ಲು ಕೊಯ್ದು ಹಗ್ಗ ಹೊಸೆದ ನುಲಿಯ ಚಂದಯ್ಯ, ಕಟ್ಟಿಗೆಯ ಹೊರೆ ಹೊತ್ತ ಮೋಳಿಗೆಯ ಮಾರಯ್ಯ, ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ಮಾರಯ್ಯ ಮತ್ತು ಲಕ್ಕಮ್ಮ ದಂಪತಿ, ಇವರೆಲ್ಲರ ಕಾಯಕವೂ ಬಾಗುವ, ಏಳುವ, ಹೊರುವ, ನಡೆಯುವ ಕಾಯಕವೇ. ಶರಣರು ವ್ಯಾಯಾಮಕ್ಕಾಗಿ ಕಾಯಕ ಮಾಡಿದರೆಂದು ಹೇಳುವಷ್ಟು ಅವಿವೇಕ ನಮಗಿಲ್ಲ. ಆದರೆ ದೇಹಕ್ಕೆ ಬೇಕಾದ ಚಲನೆ ಅವರ ದಿನದೊಳಗೆ ತಾನಾಗಿ ಸೇರಿಕೊಂಡಿತ್ತು. ನಾವಿಂದು ಅದನ್ನು ಹೊರಗಿನಿಂದ ತಂದು ಸೇರಿಸಬೇಕಾಗಿದೆ. 1953ರಲ್ಲಿ ಜೆರ‍್ರಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿದಾಗ, ಇಡೀ ದಿನ ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುತ್ತ ಟಿಕೇಟು ಕೊಡುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯೆಂದು ತಿಳಿದುಬಂದಿತು. ಸಂಸ್ಥೆ ಒಂದೇ, ಬಸ್ಸೂ ಒಂದೇ, ಕಾಯಕ ಮಾತ್ರ ಬೇರೆ. ದೈಹಿಕ ಚಟುವಟಿಕೆಯ ಕುರಿತ ಆಧುನಿಕ ಸಂಶೋಧನೆ ಬೆಳೆದದ್ದೇ ಅಲ್ಲಿಂದ.

ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದರು. ನೂರು ವರ್ಷ ದಾಟಿದ ಮೇಲೂ ಪೂಜೆ, ಮಕ್ಕಳ ಪ್ರಾರ್ಥನೆ, ಭಕ್ತರ ಭೇಟಿ ಇವುಗಳನ್ನು ಅವರು ನಡೆಸಿಕೊಂಡು ಬಂದುದನ್ನು ನಾಡು ಕಣ್ಣಾರೆ ಕಂಡಿದೆ. ಭಕ್ತರು ಅದನ್ನು ತಪಸ್ಸಿನ ಫಲವೆಂದು ಕೈಮುಗಿಯುತ್ತಾರೆ. ಕೈಮುಗಿದು, ನಮ್ಮಂಥವರಿಂದ ಅದು ಆಗದೆಂದು ಮತ್ತೆ ಕುಳಿತುಬಿಡುತ್ತಾರೆ. ಭಕ್ತಿಯಲ್ಲಿ ಇಂಥ ಒಂದು ಅನುಕೂಲದ ಜಾಗವೂ ಇದೆ.

ಇದು ಕೇವಲ ಹಿರಿಯರ ಸಮಸ್ಯೆಯೆಂದು ಯಾರೂ ತಿಳಿಯಬಾರದು. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ 2024ರಲ್ಲಿ ಪ್ರಕಟವಾದ ಅಂದಾಜಿನಂತೆ, 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. 2000ದಲ್ಲಿ ಈ ಪ್ರಮಾಣ ಶೇ. 22ರಷ್ಟಿತ್ತು. ಪುರುಷರಲ್ಲಿ ಶೇ. 42, ಮಹಿಳೆಯರಲ್ಲಿ ಶೇ. 57. ಮನೆಗೆಲಸದಲ್ಲಿ ದಿನವಿಡೀ ತೊಡಗಿರುವ ಹೆಣ್ಣುಮಕ್ಕಳಲ್ಲಿ ಇದು ಹೇಗೆ ಸಾಧ್ಯವೆಂದು ಕೇಳುವವರುಂಟು. ಬೀಸುವ ಕಲ್ಲು ಹೋಯಿತು, ಒರಳು ಹೋಯಿತು, ಕೊಡ ಹೊತ್ತು ಕೆರೆಗೆ ಹೋಗುವುದು ತಪ್ಪಿತು. ಇವು ತಪ್ಪಿದ್ದು ಒಳ್ಳೆಯದೇ. ಆ ಕಷ್ಟಕ್ಕೆ ಹೆಣ್ಣುಮಕ್ಕಳನ್ನು ಮತ್ತೆ ದೂಡಬೇಕೆನ್ನುವವರು ನಾವಲ್ಲ. ಆದರೆ ಕೆಲಸ ಉಳಿದರೂ ಅದರೊಳಗಿನ ಶ್ರಮ ಹಗುರಾಗಿದೆ. ಗಂಡಸರಂತೆ ಮುಂಜಾನೆ ಬಯಲಿಗೆ ನಡೆದುಹೋಗುವ ಸ್ವಾತಂತ್ರ್ಯವೂ ಎಷ್ಟೋ ತಾಯಂದಿರಿಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ಚಟುವಟಿಕೆಯನ್ನು ಮಾಡಬೇಕು. ಮಧ್ಯಮ ಪ್ರಮಾಣವೆಂದರೆ, ನಡೆಯುತ್ತ ಪಕ್ಕದವರೊಡನೆ ಮಾತನಾಡಬಹುದು, ವಚನ ಹಾಡಲು ಮಾತ್ರ ಉಸಿರು ಸಾಲದು ಎನ್ನುವಷ್ಟು. ಹಿಂದೆ ಒಂದೇ ಸಮನೆ ಹತ್ತು ನಿಮಿಷವಾದರೂ ನಡೆದರೆ ಮಾತ್ರ ಲೆಕ್ಕಕ್ಕೆ ಬರುತ್ತದೆಂಬ ನಿಯಮವಿತ್ತು. ಈಗ ಅದನ್ನು ಕೈಬಿಟ್ಟಿದ್ದಾರೆ. ಐದು ನಿಮಿಷದ ನಡಿಗೆಯೂ ಲೆಕ್ಕಕ್ಕಿದೆ. ಮೊಬೈಲಿನಲ್ಲಿ ಹತ್ತು ಸಾವಿರ ಹೆಜ್ಜೆಗಳ ಗುರಿ ನೋಡಿ ಎದೆಗುಂದುವ ಹಿರಿಯರಿಗೆ ಒಂದು ಮಾತು. ಆ ಸಂಖ್ಯೆ ಯಾವ ವೈದ್ಯಶಾಸ್ತ್ರದಿಂದಲೂ ಬಂದದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಲು ಬಳಸಿದ ಹೆಸರು ಅದು. 2019ರಲ್ಲಿ ಪ್ರಕಟವಾದ, ಸರಾಸರಿ 72 ವಯಸ್ಸಿನ 16,000ಕ್ಕೂ ಹೆಚ್ಚು ಅಮೆರಿಕನ್ ಮಹಿಳೆಯರ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆಯಿತ್ತು. 7,500ರ ನಂತರ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಹೆಚ್ಚು ನಡೆಯುವವರು ಮೊದಲೇ ಗಟ್ಟಿಮುಟ್ಟಾಗಿದ್ದಿರಬಹುದೆಂಬ ಆಕ್ಷೇಪ ಇಂಥ ಅಧ್ಯಯನಗಳಿಗೆ ಇದ್ದೇ ಇದೆ. ಹಾಗಿದ್ದರೂ 4,400 ಹೆಜ್ಜೆಯೆಂದರೆ ಎರಡೂವರೆ ಮೂರು ಕಿಲೋಮೀಟರು. ಊರಿನಿಂದ ಮಠಕ್ಕೆ ಬಂದು ಹೋಗುವ ದೂರ.

ನಡಿಗೆಯ ವಿಷಯ ಈಗ ಬಹುಜನರಿಗೆ ತಿಳಿದಿದೆ. ಪಟ್ಟಣಗಳ ಮೈದಾನಗಳಲ್ಲಿ ಬೆಳಗಿನ ಜಾವ ಹಿರಿಯರ ಗುಂಪುಗಳೇ ಕಾಣುತ್ತವೆ. ತಿಳಿಯದೆ ಉಳಿದಿರುವುದು ಅದೇ ಮಾರ್ಗಸೂಚಿಯ ಇನ್ನೆರಡು ಮಾತುಗಳು: ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ತುಂಬುವ ಅಭ್ಯಾಸ, ಕನಿಷ್ಠ ಮೂರು ದಿನ ಸಮತೋಲವನ್ನು ಕಾಯುವ ಅಭ್ಯಾಸ. ಬರಿಯ ನಡಿಗೆಯಿಂದ ಇವೆರಡೂ ಸಾಕಷ್ಟು ದೊರೆಯುವುದಿಲ್ಲ. ಭಕ್ತರು ಮನೆಯಲ್ಲಿಯೇ ತಮ್ಮನ್ನು ಪರೀಕ್ಷಿಸಿಕೊಳ್ಳಬಹುದು. ಕೈಯಿಲ್ಲದ, ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒತ್ತಿ ಇರಿಸಿ, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಅರ್ಧ ನಿಮಿಷದಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ಕುಳಿತುಕೊಳ್ಳಲಾಗುತ್ತದೆಂದು ಎಣಿಸಬೇಕು, ಮನೆಯವರೊಬ್ಬರು ಪಕ್ಕದಲ್ಲಿರಬೇಕು. 65ರಿಂದ 69ರ ಗಂಡಸರು 12ಕ್ಕಿಂತ, ಹೆಂಗಸರು 11ಕ್ಕಿಂತ ಕಡಿಮೆ ಮಾಡಿದರೆ ಕಾಲಿನ ಬಲ ಸಾಲದೆಂದೂ ಬೀಳುವ ಅಪಾಯವಿದೆಯೆಂದೂ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಕೋಷ್ಟಕ ಹೇಳುತ್ತದೆ. 80ರಿಂದ 84ರವರಿಗೆ ಈ ಸಂಖ್ಯೆ ಕ್ರಮವಾಗಿ 10 ಮತ್ತು 9. ವಿಶೇಷವೆಂದರೆ ಪರೀಕ್ಷೆಯೇ ಚಿಕಿತ್ಸೆಯೂ ಹೌದು. ಕುರ್ಚಿಯಿಂದ ಎದ್ದು ಕೂರುವುದನ್ನೇ ದಿನಕ್ಕೆ ಎರಡು ಹೊತ್ತು ಹತ್ತು ಹತ್ತು ಬಾರಿ ಮಾಡಿದರೆ ತೊಡೆಗಳಿಗೆ ಬಲ ಬರುತ್ತದೆ. ಅಡುಗೆಮನೆಯ ಕಟ್ಟೆಯನ್ನು ಹಿಡಿದು ಹಿಮ್ಮಡಿಯೆತ್ತಿ ನಿಲ್ಲುವುದು, ಒಂಟಿಕಾಲಿನಲ್ಲಿ ಹತ್ತು ಎಣಿಸುವವರೆಗೆ ನಿಲ್ಲುವುದು, ಒಂದು ಹೆಜ್ಜೆಯ ಹಿಮ್ಮಡಿಗೆ ಮತ್ತೊಂದರ ಬೆರಳು ತಾಗುವಂತೆ ಗೋಡೆಯ ಪಕ್ಕದಲ್ಲಿ ನಡೆಯುವುದು, ಇವು ಸಮತೋಲಕ್ಕೆ. ಮೊಣಕಾಲು ನೋವೆಂದು ಇವನ್ನೆಲ್ಲ ಬಿಡುವವರೇ ಹೆಚ್ಚು. ಸವೆದ ಮೊಣಕಾಲಿಗೆ ತೊಡೆಯ ಸ್ನಾಯುವೇ ಊರುಗೋಲು. ಅದನ್ನು ಬಲಪಡಿಸಿದರೆ ನೋವು ಇಳಿಯುತ್ತದೆ, ಪೂರ್ತಿ ಕೂರಿಸಿದರೆ ಏರುತ್ತದೆ.

ಈ ಸಂದರ್ಭದಲ್ಲಿ ಮಠದ ಇನ್ನೊಂದು ತಪ್ಪನ್ನೂ ಹೇಳಬೇಕು. ಪ್ರಸಾದ ನಿಲಯದಲ್ಲಿ ನೆಲದ ಪಂಕ್ತಿಯನ್ನು ತೆಗೆದು ಮೇಜು ಕುರ್ಚಿ ಹಾಕಿಸಿದಾಗ ಎಲ್ಲರೂ ಮೆಚ್ಚಿದರು. ಮಂಡಿ ಮಡಿಸಲಾಗದವರಿಗೆ ಅದು ಬೇಕು, ಇರಲಿ. ಆದರೆ ಕೂರಬಲ್ಲವರೂ ಕುರ್ಚಿಗೇ ಹೋದರು. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕುಳಿತು, ಊಟವಾದ ಮೇಲೆ ಒಂದು ಕೈಯೂರಿ ಏಳುವುದಿದೆಯಲ್ಲ, ಅದರಲ್ಲಿ ಸೊಂಟ, ಮಂಡಿ, ಕಣಕಾಲು, ಬೆನ್ನು ಎಲ್ಲಕ್ಕೂ ಕೆಲಸವಿದೆ. ದಿನಕ್ಕೆ ನಾಲ್ಕಾರು ಬಾರಿ ಅದನ್ನು ಮಾಡುತ್ತಿದ್ದ ಜನ ನಾವು. ಇಷ್ಟಲಿಂಗ ಪೂಜೆಗೆ ಮಣೆಯ ಮೇಲೆ ಕೂರುವುದನ್ನು ಬಿಟ್ಟು ಸೋಫಾದ ಮೇಲೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಳ್ಳುವ ಮನೆಗಳನ್ನು ಈಚೆಗೆ ಕಾಣುತ್ತಿದ್ದೇವೆ. ಪೂಜೆಗೆ ಅದರಿಂದ ಕೊರತೆಯಿಲ್ಲ, ನಿಷ್ಠೆ ಮುಖ್ಯ. ಆದರೆ ನೆಲದಿಂದ ಏಳುವ ಶಕ್ತಿಯನ್ನು ಒಮ್ಮೆ ಬಿಟ್ಟುಕೊಟ್ಟವರಿಗೆ, ಎಂದಾದರೂ ಬಿದ್ದಾಗ ತಾವಾಗಿಯೇ ಏಳುವುದು ಕಷ್ಟವಾಗುತ್ತದೆ.

ಬೀಳುವುದೇ ಎಲ್ಲರ ದೊಡ್ಡ ಅಂಜಿಕೆ. ಅದು ನಿರಾಧಾರವಲ್ಲ. ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆಂದೂ ಅವರಲ್ಲಿ 60 ದಾಟಿದವರೇ ಹೆಚ್ಚೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಮ್ಮೆ ಜಾರಿದ ಅಜ್ಜಿಯನ್ನು ಮನೆಯವರು ಮತ್ತೆ ಅಂಗಳಕ್ಕೆ ಇಳಿಯಗೊಡುವುದಿಲ್ಲ. ಆಕೆಯೂ ಇಳಿಯಲು ಹೆದರುತ್ತಾಳೆ. ನಡೆಯದೆ ಕಾಲು ಇನ್ನಷ್ಟು ಸೋಲುತ್ತದೆ, ಮುಂದಿನ ಬಾರಿ ಬಚ್ಚಲುಮನೆಗೆ ಹೋಗುವಾಗಲೇ ಬೀಳುತ್ತಾಳೆ. ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಬಲ ಮತ್ತು ಸಮತೋಲದ ವ್ಯಾಯಾಮ ಮೊದಲಾದ ಅಭ್ಯಾಸಗಳಲ್ಲಿ ತೊಡಗಿದ ಹಿರಿಯರು ಬೀಳುವ ಪ್ರಮಾಣ ಶೇ. 23ರಷ್ಟು ಕಡಿಮೆಯಾಯಿತೆಂದು ಕಂಡುಬಂದಿದೆ. ಹಿರಿಯರನ್ನು ಬೀಳದಂತೆ ಕಾಯಬೇಕಾದರೆ ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿ, ರಾತ್ರಿ ಒಂದು ಸಣ್ಣ ದೀಪ ಉರಿಯಲಿ, ಜಾರುವ ಚಾಪೆಗಳನ್ನು ಎತ್ತಿಡಿ, ಕಣ್ಣಿನ ಪೊರೆ ತೆಗೆಸಿ. ಇಷ್ಟು ಮಾಡಿ ಅವರನ್ನು ನಡೆಯಲು ಬಿಡಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕುಳಿತುಬಿಟ್ಟ ಹಿರಿಯರ ಕುರಿತು. ನಮ್ಮ ಭಕ್ತರಲ್ಲಿ ಕೂರಲು ಬಿಡುವೇ ಇಲ್ಲದ ಹಿರಿಯರೂ ಇದ್ದಾರೆ ಎಂಬುದನ್ನು ಮರೆಯುವಂತಿಲ್ಲ. ಎಪ್ಪತ್ತರಲ್ಲಿಯೂ ಕಳೆ ತೆಗೆಯಲು, ಶೇಂಗಾ ಬಿಡಿಸಲು ಕೂಲಿಗೆ ಹೋಗುವ ತಾಯಂದಿರು ಅಮಾವಾಸ್ಯೆಗೆ ಮಠಕ್ಕೆ ಬರುತ್ತಾರೆ. ಅವರಿಗೆ ದಿನಾಲು ಅರ್ಧ ಗಂಟೆ ನಡೆಯಿರಿ ಎಂದು ಉಪದೇಶಿಸುವುದು ಅಪಹಾಸ್ಯವಾದೀತು. ಎಂಟು ತಾಸು ಬಾಗಿ ಮಾಡುವ ಒಂದೇ ಬಗೆಯ ದುಡಿಮೆ ದೇಹವನ್ನು ಸವೆಸುತ್ತದೆ. ಬಿಡುವಿಲ್ಲದ, ಆಯ್ಕೆಯಿಲ್ಲದ ದುಡಿಮೆಯನ್ನು ಕಾಯಕದ ಹೆಸರಿನಲ್ಲಿ ಹೊಗಳಿ ಕೈತೊಳೆದುಕೊಳ್ಳುವುದು ಶರಣಧರ್ಮವಲ್ಲ. ಅವರಿಗೆ ಬೇಕಾದದ್ದು ನಡುನಡುವೆ ಬೆನ್ನು ನೇರ ಮಾಡುವ ಬಿಡುವು, ನೆರಳು, ನೀರು, ಒಳ್ಳೆಯ ಊಟ, ಸಕಾಲಕ್ಕೆ ಕೈಗೆ ಬರುವ ವೃದ್ಧಾಪ್ಯ ವೇತನ. ಕೂಲಿಗೆ ಕರೆಯುವ ಹೊಲದ ಒಡೆಯರಲ್ಲಿಯೂ ನಮ್ಮ ಭಕ್ತರೇ ಹೆಚ್ಚಾಗಿರುವುದರಿಂದ ಈ ಮಾತನ್ನು ಅವರಿಗೂ ಹೇಳುತ್ತಿದ್ದೇವೆ.

ಊಟದ ಮಾತು ಬಂದುದರಿಂದ ಒಂದೆರಡು ಸೂಚನೆ. ಸ್ನಾಯು ಬೆಳೆಯಲು ಸಸಾರಜನಕ ಬೇಕು. ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ ಕನಿಷ್ಠ ಒಂದು ಗ್ರಾಂನಷ್ಟು. ಹಲ್ಲಿಲ್ಲವೆಂದು ರಾತ್ರಿ ಬರಿಯ ಗಂಜಿ, ಅನ್ನ ಸಾರು ಉಣ್ಣುವವರಿಗೆ ಅದು ದೊರೆಯುವುದಿಲ್ಲ. ಮೆತ್ತಗೆ ಬೇಯಿಸಿದ ಹೆಸರುಕಾಳು, ಬೇಳೆಯ ಪಲ್ಯ, ಮೊಸರು, ಹಾಲು, ಶೇಂಗಾ ಹಿಂಡಿ ತಟ್ಟೆಯಲ್ಲಿರಲಿ. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ವೈದ್ಯರನ್ನು ಕೇಳಿ ತಿನ್ನಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ದೂರ ನಡೆಯಬಾರದು, ಜೇಬಿನಲ್ಲಿ ಬೆಲ್ಲವೋ ಸಕ್ಕರೆಯೋ ಇರಬೇಕು. ನಡೆಯುವಾಗ ಎದೆ ಹಿಡಿದಂತಾದರೆ, ತಲೆ ತಿರುಗಿದರೆ ಅಲ್ಲಿಯೇ ನಿಂತು ವೈದ್ಯರನ್ನು ಕಾಣಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಬೆಳಗಿನ ಎಂಟರ ಮೇಲೆ ಹೊರಗಿನ ನಡಿಗೆ ಬೇಡ.

ಮಠ ತನ್ನ ಪಾಲಿನ ತಿದ್ದುಪಡಿಯನ್ನು ಆರಂಭಿಸಿದೆ. ಪ್ರಸಾದ ನಿಲಯದ ಅರ್ಧ ಭಾಗದಲ್ಲಿ ಮತ್ತೆ ನೆಲದ ಪಂಕ್ತಿ ಇರುತ್ತದೆ, ಎದ್ದೇಳಲು ಅನುಕೂಲವಾಗುವಂತೆ ಗೋಡೆಯುದ್ದಕ್ಕೂ ಕಟ್ಟಿಗೆಯ ಹಿಡಿಕೆಯನ್ನು ಕೂಡಿಸಲಾಗಿದೆ. ಹುಣ್ಣಿಮೆಯ ಅನುಭಾವ ಗೋಷ್ಠಿಗೆ ಮೊದಲು ಇಪ್ಪತ್ತು ನಿಮಿಷ, ಹಿರಿಯರಿಗಾಗಿ ಮೇಲೆ ಹೇಳಿದ ಅಭ್ಯಾಸಗಳನ್ನು ಊರಿನ ಶಾಲೆಯ ದೈಹಿಕ ಶಿಕ್ಷಕರು ಮಾಡಿಸುತ್ತಾರೆ. ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ, ಅಕ್ಕನ ಬಳಗದವರ ಮುಂದಾಳ್ತನದಲ್ಲಿ. ದಾಸೋಹದ ಕೆಲಸಗಳಲ್ಲಿ ಸೊಪ್ಪು ಸೋಸುವುದು, ಅಕ್ಕಿ ಆರಿಸುವುದು ಮುಂತಾದ ಕುಳಿತು ಮಾಡುವಂಥವನ್ನೇ ಹಿರಿಯರಿಗೆ ಕೊಡುವ ಪದ್ಧತಿಯನ್ನು ನಿಲ್ಲಿಸಿ, ಪಂಕ್ತಿಯಲ್ಲಿ ನಡೆದಾಡಿ ಬಡಿಸುವುದನ್ನೂ ಅವರಿಗೇ ವಹಿಸಬೇಕೆಂದು ವ್ಯವಸ್ಥಾಪಕರಿಗೆ ತಿಳಿಸಿದ್ದೇವೆ. ಕಾರು ಮೋಟಾರುಗಳು ಇನ್ನು ಮಹಾದ್ವಾರದಲ್ಲಿಯೇ ನಿಲ್ಲಬೇಕು. ನಡೆಯಲಾಗದವರ ಹೊರತು ಉಳಿದವರು ಗದ್ದುಗೆಯವರೆಗೆ ನಡೆದೇ ಬರಬೇಕು. ಇದಕ್ಕೆ ಕೆಲವು ಭಕ್ತರಿಂದ ಅಸಮಾಧಾನದ ಮಾತು ಬಂದಿದೆ. ಬರಲಿ.

ಹೂದೋಟದ ಹಿರಿಯರ ಮನೆಗೆ ಆ ಶ್ರಾವಣದ ನಂತರ ಎರಡನೆಯ ಬಾರಿ ಹೋಗಿ, ಸಭೆಯಲ್ಲಿ ಕೊಟ್ಟ ಅಪ್ಪಣೆಯನ್ನು ಹಿಂದಕ್ಕೆ ಪಡೆದೆವು. ಮೊದಲ ಎರಡು ತಿಂಗಳು ಮನೆಯಲ್ಲಿಯೇ ಕುರ್ಚಿಯಿಂದ ಏಳುವ ಅಭ್ಯಾಸ, ಮಗನ ಕೈ ಹಿಡಿದು ಓಣಿಯ ತುದಿಯವರೆಗೆ ನಡಿಗೆ. ಕಳೆದ ಶಿವರಾತ್ರಿಯಿಂದ ಅವರು ಊರುಗೋಲಿನೊಂದಿಗೆ ಮಠಕ್ಕೆ ಬರುತ್ತಿದ್ದಾರೆ. ಬಾವಿಯಿಂದ ನೀರು ಸೇದುವುದು ಇನ್ನು ಅವರಿಂದಾಗದು, ಅದನ್ನು ಹುಡುಗರೇ ಮಾಡುತ್ತಾರೆ. ನಳದಡಿಯಲ್ಲಿ ಅರ್ಧ ತಂಬಿಗೆ ತುಂಬಿಸಿಕೊಂಡು ಒಂದೊಂದೇ ಬಿಲ್ವದ ಗಿಡಕ್ಕೆ ಹಾಕಿ, ಮತ್ತೆ ನಳದ ಬಳಿಗೆ ಬರುತ್ತಾರೆ. ಹನ್ನೆರಡು ಗಿಡಗಳಿವೆ. ಕೊಳವೆ ಹಿಡಿದರೆ ಐದೇ ನಿಮಿಷದ ಕೆಲಸವೆಂದು ಹುಡುಗರು ಕಳೆದ ವಾರ ಹೇಳಲು ಹೋದರಂತೆ. ಕೊಳವೆಯನ್ನು ಎತ್ತಿ ಕೋಣೆಯಲ್ಲಿಡಿಸಿದ್ದೇವೆ.